ಬಲಕ್ಕೆ ವಾಲಿದ ಗೆರೆ

ಹಾಲಿನ ಬೂತಿನ ಮುಂದೆ ಸುಣ್ಣದಲ್ಲಿ ಬರೆದಿದ್ದ ವೃತ್ತದೊಳಗೆ ನಿಂತು ಅವನು ಮುಂದಿನವನ ಕತ್ತನ್ನೇ ನೋಡುತ್ತಿದ್ದ. ಮುಂದಿನವನು ಔಷಧಿ ಅಂಗಡಿಯವನು. ಕಾಯಿಲೆ ಬಂದು ಮುಖಗಳೆಲ್ಲ ಬಟ್ಟೆಯ ಹಿಂದೆ ಸೇರಿಕೊಂಡ ಮೇಲೆ ಜನ ಒಬ್ಬರನ್ನೊಬ್ಬರು ಗುರುತು ಹಿಡಿಯಲು ತಡವರಿಸುತ್ತಿದ್ದರು. ಅವನಿಗೆ ಆ ಕಷ್ಟ ಇರಲಿಲ್ಲ. ಅವನು ಮೊದಲಿನಿಂದಲೂ ಜನರನ್ನು ಹಿಂದಿನಿಂದ ಬಲ್ಲವನು. ಯಾರ ನೆತ್ತಿಯಲ್ಲಿ ಎರಡು ಸುಳಿ, ಯಾರ ಕಿವಿಯ ಹಿಂದೆ ಹಳೆಯ ಗಾಯದ ಗುರುತು, ಯಾರ ನಡುನೆತ್ತಿ ಸದ್ದಿಲ್ಲದೆ ಬಯಲಾಗುತ್ತಿದೆ, ಇದೆಲ್ಲ ಅವರ ಹೆಂಡಂದಿರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೆ. ಕಟಿಂಗ್ ಅಂಗಡಿಗಳನ್ನು ಮುಚ್ಚಿಸಿದ ಮೇಲೆ ಈ ಕತ್ತುಗಳೆಲ್ಲ ಕಾಡು ಬೆಳೆಸಿಕೊಂಡು ಓಡಾಡುತ್ತಿದ್ದವು. ಅದನ್ನು ನೋಡಿದಾಗೆಲ್ಲ ಅವನಿಗೆ, ಬಾಯಿಬಿಟ್ಟು ಹೇಳುವಂಥದ್ದಲ್ಲದಿದ್ದರೂ, ಒಳಗೊಳಗೇ ಒಂದು ತಂಪು. ಬೆಳೆಯಲಿ, ಕಾಲರಿನೊಳಗೆ ಇಳಿಯಲಿ, ನಾನಿಲ್ಲದೆ ನೀವು ಹೇಗಿರುತ್ತೀರಿ ನೋಡೋಣ. ಆದರೆ ಇವತ್ತು ಔಷಧಿ ಅಂಗಡಿಯವನ ಕತ್ತು ಚೊಕ್ಕಟವಾಗಿತ್ತು.

ಕೆಲಸ ಚೆನ್ನಾಗಿತ್ತು. ಸಂಕಟವೆಲ್ಲ ಅದೇ. ಕೆಟ್ಟು ಕೆರ ಹಿಡಿದಿದ್ದರೆ ಅವನು ನಕ್ಕು, ಹಾಲು ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಕತ್ತರಿ ಮಾತ್ರ ಮೊಂಡಾಗಿದ್ದಿರಬೇಕು, ಅಲ್ಲಲ್ಲಿ ಕೂದಲು ಕತ್ತರಿಸಿದಂತಿರದೆ ಅಗಿದಂತಿತ್ತು. ಆದರೆ ಕೈ? ಪಳಗಿದ ಕೈ. ಕಿವಿಯ ಹಿಂದೆ ಉಗುರಿನ ಅಂಚಿನಷ್ಟು ನಯವಾದ ಒಂದು ತಿರುವು. ಅದು ಅವನದೇ ತಿರುವು, ಇನ್ನಾವ ಅಂಗಡಿಯಲ್ಲೂ ಸಿಗದ್ದು, ಅವನು ಯಾರಿಗೂ ಹೇಳಿಕೊಡದೆ ಇಟ್ಟುಕೊಂಡಿದ್ದದ್ದು. ಅದನ್ನು ಇನ್ನೊಬ್ಬರ ಕೈಯಲ್ಲಿ ಆದದ್ದಾಗಿ ನೋಡಿದಾಗ, ತನ್ನ ಅಂಗಿಯನ್ನು ಪರಕೀಯನೊಬ್ಬ ಹಾಕಿಕೊಂಡು ಎದುರಿಗೇ ನಡೆದುಹೋದಂತಾಯಿತು. ಕತ್ತಿನ ಕೆಳಗಿನ ಗೆರೆ ಬಲಕ್ಕೆ ಒಂದೇ ಒಂದು ನೂಲು ಇಳಿದಿತ್ತು. ಬೇರೆಯವರ ಕಣ್ಣಿಗೆ ಬೀಳುವಷ್ಟಲ್ಲ. ಅವನ ಕಣ್ಣಿಗೆ ಮಾತ್ರ ಅದು ಸಹಿ ಹಾಕಿದಷ್ಟು ಸ್ಪಷ್ಟ. ಬಲಕ್ಕೆ ಬೀಳುವುದು ಎಡಗೈಯವನ ಗೆರೆ. ಎಡಗೈಯಲ್ಲಿ ಕತ್ತರಿ ಹಿಡಿಯುವವನು ಈ ಸುತ್ತಿನಲ್ಲೆಲ್ಲ ಒಬ್ಬನೇ.

"ಏನ್ ಸಾರ್, ಕಟಿಂಗ್ ಆದ ಹಾಗಿದೆ?" ಎಂದ, ದನಿಯನ್ನು ಆದಷ್ಟು ಹಗುರ ಮಾಡಿಕೊಂಡು.

ಔಷಧಿ ಅಂಗಡಿಯವನ ಕೈ ತಟ್ಟನೆ ಕತ್ತಿಗೆ ಹೋಯಿತು, ಕಳ್ಳಮಾಲನ್ನು ಮುಚ್ಚಿಕೊಳ್ಳುವವನಂತೆ. "ಹ್ಞಾಂ? ಓ, ಇದಾ... ಮನೇಲೇ. ಸುಮ್ನೆ ಭಾರ ಇಳಿಸ್ಕೊಂಡೆ ಅಷ್ಟೆ."

"ಮನೇಲಿ ಯಾರು ಮಾಡಿದ್ದು?"

"ಅದೇ... ಮನೆಯವಳೇ."

ಔಷಧಿ ಅಂಗಡಿಯವನ ಮನೆಯವಳು ತವರಿಗೆಂದು ಹೋಗಿ, ದಾರಿಗಳೆಲ್ಲ ಬಂದ್ ಆಗಿ ಅಲ್ಲೇ ಸಿಕ್ಕಿಕೊಂಡಿದ್ದು ಇಡೀ ಬೀದಿಗೆ ಗೊತ್ತಿದ್ದ ವಿಷಯ. "ಫೋನಲ್ಲೇ ಮಾಡಿದ್ರಾ?" ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹಿಂದಿನ ವೃತ್ತದಲ್ಲಿದ್ದ ಹೆಂಗಸು, "ಮುಂದೆ ಹೋಗಿ ದೊಡ್ಡಕುರ್ಚಿಯವರೇ, ನೀವು ಹೀಗೆ ಕತ್ತು ಓದ್ತಾ ನಿಂತ್ರೆ ನಮ್ಮ ಹಾಲು ಇಲ್ಲೇ ಮೊಸರಾಗುತ್ತೆ" ಎಂದಳು. ಜನ ನಕ್ಕರು. ಅವನ ಕಟಿಂಗ್ ಅಂಗಡಿಯಲ್ಲಿದ್ದ ಎರಡು ಕುರ್ಚಿಗಳಲ್ಲಿ ದೊಡ್ಡದು ಅವನದಾದ್ದರಿಂದ ಆ ಹೆಸರು. ಕುರ್ಚಿಯೇ ಇಲ್ಲದೆ ನಡುಬೀದಿಯಲ್ಲಿ ಹಾಗೆ ಕರೆಸಿಕೊಂಡದ್ದು ಅವನಿಗೆ ನಾಟಿತು. ಹಾಲಿಗೆ ಕೈಚಾಚಿದಾಗ ಬೂತಿನವನು ಕ್ರೇಟಿಗೆ ಬಗ್ಗಿದ. ಅವನ ಕತ್ತೂ ಚೊಕ್ಕಟ. ಅಲ್ಲೂ ಅದೇ ತಿರುವು. ಬಲಕ್ಕೆ, ಒಂದು ನೂಲು.

ಮನೆಗೆ ಬಂದರೆ ಹೆಂಡತಿ ಆಗಲೇ ಹೊರಟು ನಿಂತಿದ್ದಳು. ಅವಳು ವೃದ್ಧಾಶ್ರಮದಲ್ಲಿ ಆಯಾ. ಅಜ್ಜಂದಿರ ಮೈ ಒರೆಸುವುದು, ಹಾಸಿಗೆ ಬಟ್ಟೆ ಒಗೆಯುವುದು ಅವಳ ಕೆಲಸ. ಲೋಕವೆಲ್ಲ ಬಾಗಿಲು ಹಾಕಿಕೊಂಡ ಮೇಲೂ ಅವಳ ಕೆಲಸ ನಿಲ್ಲಲಿಲ್ಲ, ಹೆಚ್ಚಾಯಿತು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಪೊಲೀಸರ ಮುಂದೆಯೇ ಅವಳು ನಡೆದುಹೋಗುವಾಗ ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡುವುದು ಅವಳ ಪಾಲಿನದಾಗಿತ್ತಲ್ಲ ಎಂದು ಆಗ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದ ಕೂಡಲೇ ಒಳಗೆ ಬಂದು ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕುತ್ತಿದ್ದ. "ಬೇಳೆ ನೆನೆಹಾಕಿದ್ದೀನಿ ರೀ, ಉಪ್ಪು ಮರೀಬೇಡಿ, ನಿನ್ನೆ ಮರೆತಿದ್ರಿ" ಎಂದಳು ಅವಳು, ಚಪ್ಪಲಿ ಮೆಟ್ಟುತ್ತ. ಅಜ್ಜಂದಿರಿಗೆ ಕಾಯಿಲೆ ತಾಗಬಾರದು, ಅಲ್ಲಿಂದ ಮನೆಗೂ ಬರಬಾರದು ಎಂದು ಅವಳು ಒಳಕೋಣೆಯಲ್ಲಿ ಬೇರೆ ಮಲಗುತ್ತಿದ್ದಳು, ತಟ್ಟೆ ಲೋಟ ಬೇರೆ ಮಾಡಿಕೊಂಡಿದ್ದಳು. ಅವಳ ಕೈ ಅವನಿಗೆ ತಾಗಿ ಎಷ್ಟು ಕಾಲವಾಯಿತೋ. ಲೋಟ ಕೊಡುವಾಗ ಕೂಡ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು, ಆಮೇಲೆ ಅವನು ಎತ್ತಿಕೊಳ್ಳಬೇಕು. ಸರಿಯಾದದ್ದೇ. ಸರಿಯಾದದ್ದು ಎಂದು ಗೊತ್ತಿದ್ದರಿಂದಲೇ ಬೈಯುವುದಕ್ಕೂ ದಾರಿ ಇರಲಿಲ್ಲ.

ಮನೆಯ ಮುಂಗೋಣೆಯೇ ಅಂಗಡಿ. ಎರಡು ಕುರ್ಚಿಗಳ ಮೇಲೂ ಹಳೆಯ ದುಪ್ಪಟಿ ಹೊದಿಸಿದ್ದರಿಂದ ಯಾರೋ ಇಬ್ಬರು ಬಟ್ಟೆ ಮುಸುಕೆಳೆದುಕೊಂಡು ಮಾತು ಬಿಟ್ಟು ಕೂತಂತಿತ್ತು. ಮುಂದೊಂದು ಕನ್ನಡಿ, ಗಿರಾಕಿಗೆ ತನ್ನ ಕತ್ತು ತನಗೇ ಕಾಣಲೆಂದು ಹಿಂದಿನ ಗೋಡೆಗೆ ಇನ್ನೊಂದು. ಎರಡರ ನಡುವೆ ನಿಂತರೆ ಅವನಂಥವರು ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ನಿಲ್ಲುತ್ತಿದ್ದರು, ಎಲ್ಲರ ಕೂದಲೂ ಕಿವಿ ಮುಚ್ಚಿತ್ತು. ಅವನ ಕೂದಲು ಕತ್ತರಿಸುತ್ತಿದ್ದವನು ಎಡಚ, ಎಡಚನದನ್ನು ಕತ್ತರಿಸುತ್ತಿದ್ದವನು ಇವನು. ಪಕ್ಕದ ಕುರ್ಚಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವನು, ತಮ್ಮನಿಗಿಂತ ಹೆಚ್ಚು ಎಂದು ಜನರ ಮುಂದೆ ಹೇಳುತ್ತಿದ್ದದ್ದೂ ಉಂಟು. ಆದರೆ ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿ ದೊಡ್ಡ ಕುರ್ಚಿ ಖಾಲಿಯಾದರೂ ಏಳದೆ, ಪತ್ರಿಕೆಯ ಹಾಳೆ ಮಗುಚುತ್ತ, "ಪರವಾಗಿಲ್ಲ, ಎಡಚನ ಕೆಲಸ ಮುಗೀಲಿ, ಕಾಯ್ತೀನಿ" ಎಂದಿದ್ದ ಪ್ರತಿಯೊಂದು ಸಲವೂ ಅವನಿಗೆ ನೆನಪಿತ್ತು. ಯಾರು ಅಂದದ್ದು, ಆವತ್ತು ಅವರು ಹಾಕಿಕೊಂಡಿದ್ದ ಅಂಗಿಯ ಬಣ್ಣ ಯಾವುದು, ಎಲ್ಲ. ಅಂಥ ಸಂಜೆಗಳಲ್ಲಿ ಅವನು ಎಡಚನಿಗೆ ತಾನೇ ಚಹಾ ತರಿಸಿಕೊಡುತ್ತಿದ್ದ. ಹೊಟ್ಟೆಯಲ್ಲಿ ಉರಿಯುತ್ತಿದ್ದರೆ ಕೈ ಉದಾರವಾಗುತ್ತದೆ. ಅದು ಅವನ ಸ್ವಭಾವ.

ಈಗ ಆ ಎಡಚ ತನ್ನ ತಿರುವನ್ನು ಕದ್ದಿದ್ದಾನೆ. ಅಷ್ಟು ವರ್ಷ ಪಕ್ಕದಲ್ಲಿ ಬೆನ್ನು ಕೊಟ್ಟು ನಿಂತು ಕಳ್ಳಗಣ್ಣಲ್ಲಿ ಕಲಿತು, ಅಂಗಡಿ ಮುಚ್ಚಿದ ಸಮಯ ನೋಡಿ ಮನೆಮನೆಗೆ ಹೋಗಿ ಮಾರುತ್ತಿದ್ದಾನೆ. ಅಂಗಡಿ ತೆರೆಯುವ ಹೊತ್ತಿಗೆ ಜನಕ್ಕೆ ಮನೆ ಬಾಗಿಲ ರುಚಿ ಹತ್ತಿರುತ್ತದೆ. ಇನ್ನೊಬ್ಬನ ಉಸಿರಿನ ಕೆಳಗೆ ಕತ್ತು ಬಗ್ಗಿಸಿ ಕೂರುವುದಕ್ಕೆ ಮೊದಲೇ ಹೆದರಿರುವ ಜನ, ಯಾಕೆ ಬರುತ್ತಾರೆ? ದುಪ್ಪಟಿ ಎಳೆದರೆ ಕುರ್ಚಿ ಇರುತ್ತದೆ, ಕೂರುವವರು ಇರುವುದಿಲ್ಲ. ಅವನು ಅಲ್ಲೇ ಬೆಂಚಿನ ಮೇಲೆ, ಗಿರಾಕಿಗಳು ಕೂರುವ ಜಾಗದಲ್ಲಿ ಕೂತ. ಕತ್ತರಿ ಹಿಡಿಯಲು ಕಲಿಸಿದ್ದು ಸೋದರಮಾವ. ಮಾವನ ಗೆರೆ ಬಟ್ಟಲಲ್ಲಿ ನಿಂತ ನೀರಿನ ಹಾಗೆ ಸಮ. ಇವನದು ಎಡಕ್ಕೆ ಬೀಳುತ್ತಿತ್ತು. "ಕುಡಿದವನು ನಡೆದ ಹಾಗಿದೆಯಲ್ಲೋ ಇದು" ಎಂದು ಬಾಚಣಿಗೆಯ ಬೆನ್ನಿನಿಂದ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು, ಗಿರಾಕಿ ಕನ್ನಡಿಯಲ್ಲಿ ನೋಡುತ್ತಿರುವಾಗಲೇ. ಹೊಡೆತ ನಿಂತಿತು, ಮಾವ ಹೋದರು, ಗೆರೆ ಸರಿಹೋಗಲಿಲ್ಲ. ಅದನ್ನು ಮುಚ್ಚಿಡಲೆಂದೇ ಅವನು ಆ ಕಿವಿಯ ತಿರುವನ್ನು ಕಂಡುಕೊಂಡದ್ದು, ನೋಡುವವರ ಕಣ್ಣು ಮೇಲೇ ನಿಲ್ಲಲಿ ಎಂದು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಹಿಂದಿನ ಕನ್ನಡಿ ತೋರಿಸುವಾಗ ಯಾರಾದರೂ ಒಬ್ಬ, "ಇದೇನ್ರೀ ಸೊಟ್ಟಗಿದೆ" ಎಂದುಬಿಟ್ಟರೆ ಎಂದು ಪ್ರತಿದಿನ ಎದೆ ಒಮ್ಮೆ ಹಾರುತ್ತಿತ್ತು. ಯಾರೂ ಅಂದಿರಲಿಲ್ಲ. ಅಂದಿರಲಿಲ್ಲ ಎಂಬುದರ ಮೇಲೆಯೇ ಅವನ ಬಾಳು ನಡೆದಿತ್ತು.

ಅವನು ಎದ್ದು ಸಂಘದ ಹಿರಿಯರಿಗೆ ಫೋನ್ ಮಾಡಿದ. ಕಟಿಂಗ್ ಅಂಗಡಿಯವರದ್ದೆಲ್ಲ ಸೇರಿ ಒಂದು ಸಂಘ. ಹಿರಿಯರ ಮಾತೇ ಅದರ ಕಾನೂನು. ಕಾಯಿಲೆಯ ಮೊದಲ ದಿನಗಳಲ್ಲಿ ಸಂಘದವನೊಬ್ಬ ಮನೆಮನೆಗೆ ಹೋಗಿ ಕೆಲಸ ಮಾಡಿ, ಹಾಸಿಗೆ ಹಿಡಿದಿದ್ದ; ಅವನಿಂದಾಗಿ ಒಂದು ಬೀದಿಯನ್ನೇ ಮುಚ್ಚಿಸಿದ್ದರು. ಆವತ್ತಿನಿಂದ ಹಿರಿಯರು, ಅನುಮತಿ ಬರುವವರೆಗೆ ಯಾರೂ ಕತ್ತರಿ ಮುಟ್ಟಕೂಡದು, ಮುಟ್ಟಿದವನಿಗೆ ಅಂಗಡಿ ತೆರೆಯುವಾಗ ಕುರ್ಚಿ ಇಲ್ಲ, ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದರು.

"ಅಣ್ಣಾ, ಯಾರೋ ಕೆಲಸ ಮಾಡ್ತಿದ್ದಾರೆ."

"ಯಾರೋ ಅಂದ್ರೆ? ಯಾರೋ ಅಂತ ಹೇಳೋಕೆ ಫೋನ್ ಮಾಡಿದ್ಯಾ? ಯಾರೋ ಅನ್ನೋನನ್ನ ಕರೆದು ನಾನೇನು ಬೈಲಿ?"

"ಗೆರೆ ಬಲಕ್ಕೆ ಬೀಳ್ತಾ ಇದೆ."

"ಎಡಚನಾ?"

"ನಾನು ಹೆಸರು ಹೇಳ್ಲಿಲ್ಲಣ್ಣಾ."

"ಹೇಳಬೇಡ ಬಿಡು. ಹೇಳದೇನೇ ಕೆಲಸ ಮುಗಿಸಿದ್ಯಲ್ಲ."

ಫೋನ್ ಇಟ್ಟ ಮೇಲೆ ಅವನು ಬೇಳೆ ಬೇಯಿಸಿದ. ಉಪ್ಪು ಮರೆಯಲಿಲ್ಲ. ಎರಡು ಸಲ ಹಾಕಿದ್ದ.

ಎಡಚ ಬಂದದ್ದು ಅದರ ಮಾರನೆಯ ದಿನ ಮಧ್ಯಾಹ್ನ. ಬಾಗಿಲು ತಟ್ಟಲಿಲ್ಲ; ಬೀದಿಯ ಆಚೆ ಬದಿಯಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, "ಅಣ್ಣಾ, ಇದ್ದೀಯಾ?" ಎಂದು ಕೂಗಿದ. ಇವನು ಹೊರಗೆ ಬಂದು ನೋಡಿದರೆ ಗುರುತೇ ಸಿಗಲಿಲ್ಲ. ಭುಜದವರೆಗೆ ಬೆಳೆದ ಕೂದಲನ್ನು ಮಗಳ ಗುಲಾಬಿ ಬಣ್ಣದ ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿಕೊಂಡಿದ್ದ. ಅಂಗಿಯ ತುಂಬ ತರಕಾರಿ ಮಂಡಿಯ ಮಣ್ಣು.

"ನೋಡು, ನನ್ನದೇ ಹೀಗಿದೆ," ಎಂದ ಎಡಚ, ಜುಟ್ಟನ್ನು ಹಿಡಿದು ತೋರಿಸುತ್ತ. "ನಾನು ಊರಿನ ತಲೆ ಎಲ್ಲ ಬೋಳಿಸ್ತಾ ಇದ್ದೀನಂತಲ್ಲ. ಹಿರಿಯರು ಬೆಳಗ್ಗೆ ಫೋನ್ ಮಾಡಿದ್ರು. ಯಾರು ಹೇಳಿದ್ದು ಅಂದೆ. ಹೇಳ್ಲಿಲ್ಲ. ಬಲಕ್ಕೆ ಬೀಳ್ತಂತೆ ಗೆರೆ. ಇದನ್ನ ಕಂಡುಹಿಡಿಯೋ ಕಣ್ಣು ಇನ್ಯಾರಿಗಿದೆ ಹೇಳು."

"ಮಂಡೀಲಿ ಮೂಟೆ ಹೊರೋನು ಸಂಜೆ ಬೇರೆ ಕೆಲಸ ಮಾಡಬಾರದು ಅಂತ ಇಲ್ವಲ್ಲ."

"ಕಿವಿ ಹಿಂದೆ ಹೇಗಿತ್ತು?"

ಅವನು ಸೈಕಲ್ಲಿನ ಚಕ್ರ ನೋಡಿದ.

"ಕೇಳಿದ್ದಕ್ಕೆ ಹೇಳಣ್ಣ. ಕಿವಿ ಹಿಂದೆ?"

"ನನ್ನ ತಿರುವು," ಎಂದ ಅವನು.

ಎಡಚ ನಕ್ಕ. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದರಿಂದ ಅದು ಎಂಥ ನಗು ಎಂದು ತಿಳಿಯುವಂತಿರಲಿಲ್ಲ. "ಅದು ನನಗೆ ಬರಲ್ಲ ಮಾರಾಯಾ. ಮನೇಲಿ ನನ್ನ ಅಪ್ಪನ ತಲೆ ಮೇಲೆ, ಭಾವನ ತಲೆ ಮೇಲೆ, ಎಷ್ಟು ವರ್ಷ ಪ್ರಯತ್ನಪಟ್ಟೆ ಗೊತ್ತಾ? ಭಾವ ಮಾತು ಬಿಟ್ಟ, ತಿರುವು ಬರಲಿಲ್ಲ. ಅದು ಬಂದಿದ್ದಿದ್ರೆ ನಿನ್ನ ಪಕ್ಕದಲ್ಲಿ ಚಿಕ್ಕ ಕುರ್ಚಿ ಇಟ್ಕೊಂಡು ಯಾಕೆ ಇರ್ತಿದ್ದೆ?" ಸೈಕಲ್ ಹತ್ತಿದ ಮೇಲೆ, ತಿರುಗಿ ನೋಡದೆ, "ಚಿಕ್ಕ ಕುರ್ಚಿ ಕಣಣ್ಣಾ, ಅದನ್ನ ನೋಡಿನೂ ಹೊಟ್ಟೆ ಉರೀತೇನೋ ನಿನಗೆ," ಎಂದು ಹೊರಟುಹೋದ.

ಅವನು ಬಾಗಿಲಲ್ಲೇ ನಿಂತಿದ್ದ. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಸರಿಯಿತು. ಸುಳ್ಳು ಹೇಳುವವನು ಅಪ್ಪನ ತಲೆಯನ್ನು ಸಾಕ್ಷಿಗೆ ಎಳೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗಾದರೆ ಎಡಚನಲ್ಲ. ತಪ್ಪು ಮಾಡಿದೆ ಎಂಬುದು ಎದೆಗೆ ಬರುವ ಮುನ್ನವೇ ಇನ್ನೊಂದು ಮಾತು ಹೊಟ್ಟೆಗೆ ಬಂತು: ಎಡಚನಿಗೆ ಅಷ್ಟು ವರ್ಷದಲ್ಲಿ ಬಾರದ್ದು ಇನ್ನೊಬ್ಬನಿಗೆ ಬಂದಿದೆ. ಹೊಸಬ. ಎಲ್ಲಿಂದಲೋ ಬಂದವನು. ಬಾಗಿಲು ಎಳೆದುಕೊಂಡು, ಮಾಸ್ಕ್ ಏರಿಸಿಕೊಂಡು ಅವನು ಬೀದಿಗೆ ಇಳಿದ.

ಕತ್ತುಗಳ ಜಾಡು ಹಿಡಿದುಕೊಂಡು ನಡೆದ. ಮೊದಲು ಬಸ್ ನಿಲ್ದಾಣದ ಕಡೆ ಹೋಗಿ ನೋಡಿದ. ಅಲ್ಲೆಲ್ಲ ಬರೀ ಕಾಡು. ಅಂಚೆ ಕಚೇರಿಯ ಕಡೆಯೂ ಕಾಡು. ಔಷಧಿ ಅಂಗಡಿಯನ್ನು ದಾಟಿ ಕೆರೆಯ ರಸ್ತೆಗೆ ತಿರುಗಿದ ಮೇಲೆ ಅಲ್ಲೊಂದು ಇಲ್ಲೊಂದು ಚೊಕ್ಕಟ ಕತ್ತು ಕಾಣತೊಡಗಿತು. ಇಸ್ತ್ರಿ ಮಾಡುವವನದು. ಔಷಧಿಯ ಪೆಟ್ಟಿಗೆ ಇಳಿಸುತ್ತಿದ್ದ ಗಾಡಿಯವನದು. ಆ ಕಡೆ ಹೋದಷ್ಟೂ ಕತ್ತುಗಳು ಬೆಳ್ಳಗಾಗುತ್ತ ಹೋದವು, ಎಲ್ಲದರಲ್ಲೂ ಗೆರೆ ಒಂದೇ ಕಡೆಗೆ ವಾಲಿ, ದಾರಿಬದಿಯ ಕೈಮರದಂತೆ ಇವನನ್ನು ಮುಂದೆ ಮುಂದೆ ಕಳಿಸುತ್ತಿತ್ತು. ಇದು ಹೆಂಡತಿ ದಿನಾ ನಡೆಯುವ ದಾರಿ ಎಂದು ಅವನಿಗೆ ಹೊಳೆದದ್ದು ವೃದ್ಧಾಶ್ರಮದ ಕಾಂಪೌಂಡು ಕಂಡಾಗ. ಆಗಲೂ ಅವನಿಗೆ ಬಂದದ್ದು ಬೇರೆಯೇ ಯೋಚನೆ: ಇವಳು ದಿನಾ ಈ ತಲೆಗಳ ನಡುವೆಯೇ ಓಡಾಡಿಕೊಂಡಿದ್ದಾಳೆ, ಕೈ ಯಾರದೆಂದು ಗೊತ್ತಿದ್ದೂ ನನಗೆ ಹೇಳಿಲ್ಲ. ಆ ಹೊಸಬ ಅವಳಿಗೆ ಪರಿಚಯದವನು. ಅವನ ಕೆಲಸವನ್ನು ಅವಳು ನಿಂತು ನೋಡಿರಬಹುದು. ಮೆಚ್ಚಿರಬಹುದು. ಅವಳು ತನ್ನ ಕೆಲಸವನ್ನು ಮೆಚ್ಚಿ ಒಂದು ಮಾತು ಆಡಿದ್ದು ಉಂಟೆ? ನೆನಪಾಗಲಿಲ್ಲ.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಒಳಗೆ ಬಿಡಲ್ಲ ಸ್ವಾಮಿ, ಯಾರನ್ನೂ ಬಿಡಲ್ಲ. ಏನಿದ್ರೂ ಇಲ್ಲೇ ಇಟ್ಟು ಹೋಗಿ."

"ಒಳಗೆ ಬರಲ್ಲ. ನಿಮ್ಮ ಕಟಿಂಗ್ ಯಾರು ಮಾಡಿದ್ದು?"

ಕಾವಲುಗಾರ ಟೋಪಿ ತೆಗೆದು ಸಂತೋಷದಿಂದ ಕತ್ತು ತಿರುಗಿಸಿ ತೋರಿಸಿದ. "ಚೆನ್ನಾಗಿದೆ ಅಲ್ವಾ? ನಮ್ಮ ಅಕ್ಕ ಮಾಡಿದ್ದು."

"ಅಕ್ಕ?"

"ಇಲ್ಲಿ ಆಯಾ ಇದ್ದಾರಲ್ಲ ಅವರು. ಅಗೋ, ಇವತ್ತು ಅಜ್ಜಂದಿರ ಸರದಿ. ಕೈ ಅಂದ್ರೆ ಕೈ ಸ್ವಾಮಿ ಅದು! ನನ್ನ ಜನ್ಮದಲ್ಲಿ ಇಂಥ ಕಟಿಂಗ್ ಯಾರೂ ಮಾಡಿರ್ಲಿಲ್ಲ. ಅವರ ಯಜಮಾನ್ರದ್ದೂ ಇದೇ ಕಸುಬಂತೆ. ನೀವೇ ಅವರಿಗೆ ಕಲಿಸಿದ್ರಾ ಅಂತ ತಮಾಷೆ ಮಾಡಿದ್ರೆ ಸುಮ್ನೆ ನಗ್ತಾರೆ. ನೀವ್ಯಾರು?"

"ಈ ಕಡೆ ಹೋಗ್ತಾ ಇದ್ದೆ," ಎಂದ ಅವನು.

ಗೇಟಿನ ಸರಳುಗಳ ನಡುವಿನಿಂದ ಅಂಗಳ ಕಾಣುತ್ತಿತ್ತು. ಮರದ ನೆರಳಿನಲ್ಲಿ ಸ್ಟೂಲಿನ ಮೇಲೆ ಒಬ್ಬ ಮುದುಕ, ಕೊರಳ ಸುತ್ತ ಬಿಳಿ ಹಾಸಿಗೆ ಬಟ್ಟೆ. ಹಿಂದೆ ಅವಳು. ಕತ್ತರಿಯನ್ನು ಬಾಚಣಿಗೆಯ ಮೇಲೆ ಆಡಿಸುತ್ತ ಆಡಿಸುತ್ತ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಬಂದು, ತಲೆ ಓರೆ ಮಾಡಿ ನೋಡಿದಳು. ಅದು ಇವನು ನೋಡುವ ರೀತಿ. ಮತ್ತೆ ಹತ್ತಿರ ಹೋಗಿ ಎರಡು ಬೆರಳುಗಳನ್ನು ಮುದುಕನ ಗದ್ದದ ಕೆಳಗಿಟ್ಟು ಮುಖವನ್ನು ಮೆಲ್ಲಗೆ ಎತ್ತಿದಳು. ಅದೂ ಇವನದೇ. ಮುದುಕ ಕಣ್ಣು ಮುಚ್ಚಿಕೊಂಡಿದ್ದ. ತಲೆಯ ಭಾರವನ್ನೆಲ್ಲ ಅವಳ ಅಂಗೈಗೆ ಬಿಟ್ಟುಬಿಟ್ಟಿದ್ದ. ಆ ಭಾರ ಎಂಥದ್ದೆಂದು ಇವನಿಗೆ ಗೊತ್ತು, ನಂಬಿದವರ ಕೈಗೆ ಮಾತ್ರ ಜನ ಅದನ್ನು ಬಿಡುತ್ತಾರೆ, ದೊಡ್ಡ ಕುರ್ಚಿಯಲ್ಲೂ ಎಲ್ಲರೂ ಬಿಡುತ್ತಿರಲಿಲ್ಲ. ಅವಳು ಏನೋ ಅಂದಳು. ಮುದುಕ ಕಣ್ಣು ಮುಚ್ಚಿಕೊಂಡೇ ನಕ್ಕ. ಲೋಟವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯುವ ಕೈ ಇಲ್ಲಿ ಕಿವಿಯನ್ನು ಮಡಿಸಿ ಹಿಡಿದಿತ್ತು, ಕತ್ತನ್ನು ಸವರಿ ಕೂದಲು ಉದುರಿಸುತ್ತಿತ್ತು, ನೆತ್ತಿಯ ಮೇಲೆ ಕೆಲಸವಿಲ್ಲದೆಯೂ ಒಂದು ಕ್ಷಣ ಸುಮ್ಮನೆ ಕೂತಿತ್ತು. ಹಲ್ಲಿಲ್ಲದ, ನಾಳೆ ಇರುವನೋ ಇಲ್ಲವೋ ಎಂಬಂಥ ಒಬ್ಬ ಮುದುಕನ ಮೇಲೆ ಅವನಿಗೆ ಹುಟ್ಟಿದ ಹೊಟ್ಟೆಕಿಚ್ಚಿಗೆ ಅವನೇ ಬೆಚ್ಚಿದ. ಮುದುಕನ ಮೇಲೆ ಹೆಚ್ಚೋ, ಅವಳ ಕೈಯ ಮೇಲೆ ಹೆಚ್ಚೋ, ಬಿಡಿಸಿ ಹೇಳು ಎಂದರೆ ಅವನಿಂದ ಆಗುತ್ತಿರಲಿಲ್ಲ.

ಸಂಜೆ ಅವಳು ಬಂದು, ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ ಹೋಗಿ, ಮಿಂದು, ಹಾಕಿಕೊಂಡಿದ್ದ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುತ್ತಿದ್ದಳು. ಅವನು ಅಡುಗೆಮನೆಯ ಹೊಸಿಲ ಮೇಲೆ ನಿಂತ.

"ಇವತ್ತು ಯಾರ ತಲೆ?"

ಹಿಂಡುತ್ತಿದ್ದ ಕೈ ನಿಂತಿತು. "ಯಾರು ಹೇಳಿದ್ರು?"

"ಕತ್ತುಗಳೇ ಹೇಳಿದ್ವು. ಔಷಧಿ ಅಂಗಡಿಯವನದು, ಹಾಲಿನವನದು. ಎಲ್ಲರೂ ಸೇರಿ ನನ್ನೊಬ್ಬನ ಹತ್ರ ಮುಚ್ಚಿಟ್ರಿ."

"ಅವರನ್ನ ಅನ್ಬೇಡಿ. ನಿಮಗೆ ಹೇಳಬೇಡಿ ಅಂತ ನಾನೇ ಹೇಳಿದ್ದೆ." ಅವಳು ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದಳು. "ಒಬ್ಬ ಅಜ್ಜನಿಗೆ ಕೂದಲು ಕಣ್ಣಿಗೆ ಚುಚ್ಚಿ ಚುಚ್ಚಿ ಕಣ್ಣು ಕೆಂಡ ಆಗಿತ್ತು ರೀ. ಹೊರಗಿನವರು ಒಳಗೆ ಬರೋ ಹಾಗಿಲ್ಲ. ಹೊಲಿಗೆ ಕೋಣೇಲಿ ಕತ್ತರಿ ಇತ್ತು, ತಗೊಂಡೆ."

"ಬಟ್ಟೆ ಕತ್ತರಿ! ಅದಕ್ಕೇ ಅಗಿದ ಹಾಗಿತ್ತು."

"ಒಬ್ಬರಿಗೆ ಮಾಡಿದ್ಮೇಲೆ ಇನ್ನೊಬ್ಬರು ಕೇಳಿದ್ರು. ಆಮೇಲೆ ಔಷಧಿ ಕೊಡೋಕೆ ಬರೋರು, ಹಾಲು ಹಾಕೋರು, ಗೇಟಿನ ಹತ್ರಾನೇ ನಿಂತು, ಅಕ್ಕ ನಮಗೂ ಅಂದ್ರು. ಹೇಗೆ ಬೇಡ ಅನ್ಲಿ?"

"ನನಗ್ಯಾಕೆ ಹೇಳ್ಲಿಲ್ಲ?"

"ನಾನು ಕೆಲಸಕ್ಕೆ ಹೋಗುವಾಗ ನೀವು ಬಾಗಿಲಲ್ಲಿ ನಿಂತು ನೋಡ್ತೀರಲ್ಲ, ಆ ನೋಟ ನನ್ನ ಬೆನ್ನಿಗೆ ಗೊತ್ತಾಗಲ್ವಾ? ನನ್ನ ಕೆಲಸಕ್ಕೇ ನಿಮಗೆ ಅಷ್ಟು ಸಂಕಟ. ನಿಮ್ಮ ಕೆಲಸಾನೂ ನಾನೇ ಮಾಡ್ತಿದ್ದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವನು ಆ ಮಾತನ್ನು ದಾಟಿಕೊಂಡು ಹೋದ. ಕೇಳಬೇಕಾದ್ದು ಬೇರೆ ಇತ್ತು. "ಎಲ್ಲಿ ಕಲಿತೆ?"

ಅವಳು ಒದ್ದೆಗೈಯಲ್ಲೇ ಅವನ ಹಿಂದಕ್ಕೆ ತೋರಿಸಿದಳು. ಅವನು ತಿರುಗಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಅಂಗಡಿಯ ಕುರ್ಚಿಗಳು ಕಾಣುವುದಿಲ್ಲ, ನಡುವೆ ಬೀರು ಅಡ್ಡ. ಕಾಣುವುದು ಹಿಂದಿನ ಗೋಡೆಯ ಕನ್ನಡಿ ಮಾತ್ರ, ಅದರೊಳಗೆ ದೊಡ್ಡ ಕುರ್ಚಿಯ ಬೆನ್ನು.

"ಇಲ್ಲಿ ಕೂತು ತರಕಾರಿ ಹೆಚ್ಚೋವಾಗ ದಿನಾ ಅದೇ ಅಲ್ವಾ ನನಗೆ ಕಾಣ್ತಿದ್ದದ್ದು. ಯಾರ್ಯಾರದೋ ಕತ್ತು, ನಿಮ್ಮ ಕೈ. ಮುಖ ಯಾವತ್ತೂ ಕಾಣ್ತಿರ್ಲಿಲ್ಲ ನಿಮ್ಮದು."

ಕನ್ನಡಿಯಲ್ಲಿ. ಎಡಕ್ಕೆ ಬಿದ್ದದ್ದು ಬಲಕ್ಕೆ ಕಾಣುವ ಕನ್ನಡಿಯಲ್ಲಿ. ಅವನು ಬೀದಿ ಬೀದಿಯಲ್ಲಿ ಅಟ್ಟಿಸಿಕೊಂಡು ಹೋದದ್ದು, ಎಡಚನ ಮೇಲೆ ಹೇರಿದ್ದು, ತನ್ನ ಗೆರೆಯನ್ನೇ.

"ಅದು ಸರಿ," ಎಂದ, ದನಿ ಅವನದಲ್ಲವೆಂಬಂತೆ ಸಣ್ಣಗಾಗಿತ್ತು. "ಕತ್ತಿನ ಗೆರೆ ಯಾಕೆ ಒಂದು ಕಡೆ ಇಳಿಸ್ತೀಯ?"

"ನೀವು ಹಾಗೇ ಅಲ್ವಾ ಮಾಡೋದು?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೆಟ್ಟಗಿರೋ ಗೆರೆ ಯಾರು ಬೇಕಾದ್ರೂ ಹಾಕ್ತಾರೆ. ನೀವು ಬೇಕಂತಲೇ ಒಂಚೂರು ಇಳಿಸ್ತೀರಿ, ಅದರಿಂದ ಕತ್ತಿಗೆ ಒಂದು ಅಂದ ಬರುತ್ತೆ. ನಾನು ಅದನ್ನೇ ನೋಡ್ತಿದ್ದೆ ದಿನಾ. ಮೊದಮೊದಲು ನನಗೆ ಬರ್ತಾನೇ ಇರ್ಲಿಲ್ಲ ರೀ, ಎಷ್ಟು ಮಾಡಿದ್ರೂ ನೆಟ್ಟಗೇ ಹೋಗೋದು. ಆಮೇಲೆ ಕಷ್ಟಪಟ್ಟು ಕಲಿತೆ."

ನೆಟ್ಟಗೇ ಹೋಗೋದು. ಮಾವನ ಕೈಗೆ ಬಂದದ್ದು, ಗೆಣ್ಣು ಬಾತುಕೊಂಡರೂ ಇವನ ಕೈಗೆ ಬಾರದ್ದು, ಇವಳಿಗೆ ಬಟ್ಟೆ ಕತ್ತರಿಯಲ್ಲಿ ತಾನಾಗಿ ಬಂದಿತ್ತು. ಇವನ ಸೊಟ್ಟನ್ನು ಸೊಗಸು ಎಂದು ನಂಬಿ, ಇದ್ದ ಒಳ್ಳೆಯ ಕೈಯನ್ನು ಇವಳು ಕಷ್ಟಪಟ್ಟು ಕೆಡಿಸಿಕೊಂಡಿದ್ದಳು. ಇಷ್ಟು ವರ್ಷ ಯಾರಾದರೂ ಆಡಿಬಿಟ್ಟರೆ ಎಂದು ಹೆದರಿದ್ದ ಮಾತನ್ನು ಇವಳು ಹೊಗಳಿಕೆಯಾಗಿ ಆಡಿದ್ದಳು. ಸಂತೋಷಪಡಬೇಕಾದ ಜಾಗ ಅದು. ಅವನಿಗೂ ಅದು ಗೊತ್ತಾಯಿತು. ಆದರೆ ಸಂತೋಷ ಬರಬೇಕಾದ ದಾರಿಯಲ್ಲಿ ಆಗಲೇ ಬೇರೇನೋ ಬಂದು ನಿಂತಿತ್ತು.

"ಎಡಚ ಬಂದು ಕೂಗಾಡಿ ಹೋದ್ನಂತೆ," ಎಂದಳು ಅವಳು. "ಎದುರು ಮನೆಯವರು ಹೇಳಿದ್ರು. ಏನಾಯ್ತು?"

ಅವನು ಹೇಳಿದ, ಹಿರಿಯರಿಗೆ ಫೋನ್ ಮಾಡಿದ್ದನ್ನೂ ಬಿಡದೆ. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡು ಕೇಳಿದಳು. "ಅಯ್ಯೋ, ಆ ಪಾಪದವನ ಅನ್ನಕ್ಕೆ ಕಲ್ಲು ಹಾಕಿದ್ರಲ್ರೀ. ಈಗಲೇ ಮಾಡಿ ಫೋನು. ನನ್ನ ಹೆಸರು ಹೇಳಿ. ನನಗೇನು ಮಾಡ್ತಾರೆ, ನಾನೇನು ಸಂಘದವಳಾ?"

ಅವಳ ಎದುರಿಗೇ ಫೋನ್ ಮಾಡಿದ. ಅವಳು ಕೈ ಒರೆಸಿಕೊಳ್ಳುತ್ತ ನಿಂತಳು.

"ಅಣ್ಣಾ, ಅದು ಎಡಚ ಅಲ್ಲ."

"ಅವನೂ ಅದನ್ನೇ ಹೇಳ್ದ. ಮತ್ತೆ ಯಾರಂತೆ?" ಹಿರಿಯರು ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವವರು; ಅವಳಿಗೂ ಕೇಳುತ್ತಿತ್ತು. "ನೋಡು, ಸಂಘದವರು ಅಲ್ದೇ ಇದ್ರೆ ಇಲ್ಲಿಗೇ ಬಿಟ್ಟುಬಿಡು. ಮನೆ ಹೆಂಗಸರು ಮಕ್ಕಳು ಕತ್ತರಿಸ್ಕೊಂಡ್ರೆ ನಾವೇನು ಮಾಡೋಕಾಗುತ್ತೆ? ಈ ಕಾಲದಲ್ಲಿ ಅದು ಇದ್ದದ್ದೇ. ಹೇಳು, ಯಾರ ಕೈ ಅದು?"

ಹಿರಿಯರು ಬಾಗಿಲು ತೆರೆದೇ ಇಟ್ಟಿದ್ದರು. ಒಂದು ಮಾತು ಹೇಳಿದ್ದರೆ ಎಲ್ಲ ತನ್ನ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಎಡಚ ತನ್ನ ಕುರ್ಚಿಗೆ, ಇವನು ತನ್ನದಕ್ಕೆ. ಅವನು ಬಾಯಿ ತೆರೆದದ್ದು ಆ ಮಾತಿಗೇ. ಆದರೆ ಕಣ್ಣ ಮುಂದೆ ಬಂದದ್ದು ಕಾವಲುಗಾರ ಟೋಪಿ ತೆಗೆದು ತೋರಿಸಿದ ಕತ್ತು, ಕಣ್ಣು ಮುಚ್ಚಿ ನಕ್ಕ ಮುದುಕ, ಕೈ ಅಂದ್ರೆ ಕೈ ಸ್ವಾಮಿ ಅದು.

"ನನ್ನ ಕೈ," ಎಂದ ಅವನು.

"ಏನಂದೆ?"

"ನಾನೇ ಮಾಡಿದ್ದು. ಎಲ್ಲ ತಲೆನೂ ನಾನೇ ಮಾಡಿದ್ದು."

"ಗೆರೆ ಬಲಕ್ಕೆ ಬೀಳುತ್ತೆ ಅಂದಿದ್ದೆ?"

"ಬೇಕಂತಲೇ ಇಳಿಸಿದ್ದು."

"ಎಡಚನ ತಲೆಗೆ ಕಟ್ಟೋಕಾ?" ಎಂದರು ಹಿರಿಯರು, ಈಗ ಕೂಗದೆ. ಅವನು ಇಲ್ಲ ಎನ್ನಲಿಲ್ಲ. "ಥೂ ನಿನ್ನ! ಹದಿನೆಂಟು ವರ್ಷ ಪಕ್ಕದಲ್ಲಿ ನಿಂತವನಿಗೆ... ಆಯ್ತು. ಎಲ್ಲರೂ ಬಾಗಿಲು ತೆಗೆದ ದಿನ ನಿನ್ನ ಬಾಗಿಲು ತೆಗೆಯೋ ಹಾಗಿಲ್ಲ. ಯಾವಾಗ ಅಂತ ನಾನೇ ಹೇಳ್ತೀನಿ. ಹೇಳ್ತೀನೋ ಇಲ್ವೋ ಅದೂ ಗೊತ್ತಿಲ್ಲ. ಎಡಚನಿಗೆ ನನ್ನ ಅಂಗಡೀಲಿ ಕುರ್ಚಿ ಕೊಡ್ತೀನಿ, ದೊಡ್ಡದನ್ನೇ." ಫೋನ್ ಕಟ್ಟಾಯಿತು.

ಅವನು ಫೋನನ್ನು ಮೇಜಿನ ಮೇಲಿಟ್ಟ. ಹೆದರಿಕೆಯಾಗಬೇಕಿತ್ತು; ಆದದ್ದು ಒಂದು ಬಗೆಯ ನೆಮ್ಮದಿ, ಬಹಳ ದಿನ ಹಸಿದವನು ಇನ್ನೊಬ್ಬರ ತಟ್ಟೆಯಿಂದ ತಿಂದುಬಿಟ್ಟ ಮೇಲೆ ಆಗುವಂಥದ್ದು. ಹೆಂಡತಿಯ ಮೇಲೆ ಮಾತು ಬರಬಾರದೆಂದು ತಾನು ಹೊತ್ತುಕೊಂಡೆ ಎಂದು ಹೇಳಿದರೆ ಲೋಕ ನಂಬುತ್ತದೆ. ತನಗೂ ನಾಳೆಯೋ ನಾಡಿದ್ದೋ ಅದು ನಂಬಿಕೆಯಾಗಬಹುದು. ಅವಳೂ ಹಾಗೇ ತಿಳಿದುಕೊಳ್ಳಲಿ ಎಂದು ಮುಖಕ್ಕೆ ಒಂದು ದೊಡ್ಡತನ ತಂದುಕೊಂಡು ಅವಳ ಕಡೆ ತಿರುಗಿದ.

ಅವಳು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ್ದಳು.

"ನನ್ನ ಕೈನೂ ನೀವೇ ತಗೊಂಡ್ರಾ?" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಅವನು ಏನಾದರೂ ಒಂದು ಉತ್ತರ ಕೊಡುತ್ತಿದ್ದ.